ವಿಚಾರಣೆಯೇ ಆಗದೆ ವಿಲೇವಾರಿಯಾಗುವ ದಾವೆಗಳು

ಮಾನ್ಯ ಸಂಪಾದಕರೇ,

ಕೋರ್ಟುಗಳ ಸುದ್ದಿ ಬಂದಾಗಲೆಲ್ಲ ಎರಡು ಅಂಕಿ ಎದ್ದು ಕಾಣುತ್ತವೆ: ಬಾಕಿ ಎಷ್ಟು, ವಿಲೇವಾರಿ ಎಷ್ಟು. ವಿಲೇವಾರಿ ಹೆಚ್ಚಿದರೆ ಎಲ್ಲರಿಗೂ ಸಮಾಧಾನ. ಆದರೆ ಆ ಕಾಲಂನೊಳಗೆ ಇನ್ನೊಂದು ಬಗೆಯ ಕೇಸುಗಳೂ ಸೇರಿಕೊಂಡಿರುತ್ತವೆ. ಸಾಕ್ಷಿ ಕಟಕಟೆ ಹತ್ತಿರುವುದಿಲ್ಲ, ಪಹಣಿಯನ್ನು ಯಾರೂ ಓದಿರುವುದಿಲ್ಲ, ಜಮೀನು ಯಾರದೆಂದು ಯಾರೂ ತೀರ್ಮಾನಿಸಿರುವುದಿಲ್ಲ. ಆದರೂ ಫೈಲು ಮುಚ್ಚಿರುತ್ತದೆ. ಹೆಸರು ಕೂಗಿದಾಗ ವಾದಿ ಇರಲಿಲ್ಲ, ಪ್ರೋಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ) ಕಟ್ಟಿರಲಿಲ್ಲ, ತೀರಿಹೋದ ಪ್ರತಿವಾದಿಯ ವಾರಸುದಾರರನ್ನು ಗಡುವಿನೊಳಗೆ ಸೇರಿಸಿರಲಿಲ್ಲ, ಇಂಥವೇ ಕಾರಣಗಳು. ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕುಗಳಲ್ಲಿ ಸಿವಿಲ್ ಕೇಸು ನಡೆಸುವ ನಮ್ಮಂಥ ವಕೀಲರಿಗೆ, ಗುಮಾಸ್ತರಿಗೆ ಇದು ಹೊಸದಲ್ಲ.

ನಿಯಮಗಳೇ ಬೇಡ ಎಂದು ಬರೆಯುತ್ತಿಲ್ಲ. ಗಡುವೇ ಇಲ್ಲದ ಕೋರ್ಟಿನಲ್ಲಿ ಗೆಲ್ಲುವುದು ಕಾಯುವ ತಾಕತ್ತು ಇದ್ದವನು. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಗೃಹ ಮಂಡಳಿಯ ಮೇಲ್ಮನವಿಯೊಂದರ 3966 ದಿನಗಳ ವಿಳಂಬವನ್ನು ಹೈಕೋರ್ಟ್ ಮನ್ನಿಸಿದ್ದನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಹತ್ತು ವರ್ಷಕ್ಕೂ ಮೀರಿದ ತಡವನ್ನು ಒಪ್ಪಿಕೊಂಡಿದ್ದರೆ ಪೆಟ್ಟು ಬೀಳುತ್ತಿದ್ದದ್ದು ಎದುರಿಗಿದ್ದ ಕುಟುಂಬಕ್ಕೆ. ಹಾಗಾಗಿ ಬಿಗಿ ಇರಲಿ. ನಮ್ಮ ತಕರಾರು ಬೇರೆ: ಕಾಯ್ದೆಯ ಗಡಿಯಾರ ಶುರುವಾದದ್ದು ಅದರಿಂದ ಕಳೆದುಕೊಳ್ಳುವವನ ಕಿವಿಗೆ ಬೀಳುವುದೇ ಇಲ್ಲ.

ಸಮನ್ಸ್‌ನಿಂದಲೇ ನೋಡಿ. ವಾದಿ ಪ್ರೋಸೆಸ್ ಫೀ ಕಟ್ಟಿ, ಪ್ರತಿವಾದಿಗಳು ಎಷ್ಟು ಮಂದಿಯೋ ಅಷ್ಟು ದಾವಾಪತ್ರದ ನಕಲು ಕೊಡಬೇಕು. ಒಂದು ನಕಲು ಕಡಿಮೆ ಬಿದ್ದರೂ ಆ ವಾಯಿದೆ ಹೋಯಿತು. ಆಮೇಲೆ ಸಮನ್ಸ್ ಕೋರ್ಟಿನ ಅಮೀನರ ಕೈಗೋ ಅಂಚೆಗೋ ಹೋಗುತ್ತದೆ. ಅದು ವಾಪಸು ಬರುವಾಗ ಮೇಲೆ ಒಂದು ಸಣ್ಣ ಶರಾ ಇರುತ್ತದೆ, ಇಡೀ ಕೇಸಿನ ದಿಕ್ಕು ಅದರಲ್ಲಿದೆ. ‘ಬಾಗಿಲು ಬೀಗ’ ಎಂದಿದ್ದರೆ ಜಾರಿಯಾಗಿಲ್ಲ, ಮತ್ತೆ ಕಳಿಸಬೇಕು. ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂದಿದ್ದರೆ ಜಾರಿಯಾದಂತೆಯೇ ಲೆಕ್ಕ. ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದು, “ಮಗ ಪೀಣ್ಯದಾಗವ್ನೆ, ನಾನು ಹೆಬ್ಬೆಟ್ಟು ಒತ್ತಲ್ಲ ಸ್ವಾಮಿ” ಅಂದರೆ ಅದು ಯಾವ ಶರಾ ಆಗುತ್ತದೆ ಎಂಬುದು ಬರೆಯುವವರ ಕೈಯಲ್ಲಿದೆ.

ಯಾವುದೂ ಆಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ. ನಿಮ್ಮ ಒಳಪುಟದ ಮೂಲೆಯಲ್ಲಿ ಬರುವ, ಭೂತಗನ್ನಡಿ ಹಿಡಿದು ಓದಬೇಕಾದ ಆ ಚೌಕಗಳನ್ನು ಊರಿನ ಎಲ್ಲರೂ ಓದಿ ಪ್ರತಿವಾದಿಯೊಬ್ಬ ಮಾತ್ರ ಓದದೇ ಹೋಗುವುದುಂಟು. ಪ್ರತಿವಾದಿ ಕೊನೆಯದಾಗಿ ಇದ್ದ ಜಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಹಾಕಬೇಕು ಎಂದು ನಿಯಮವೇನೋ ಇದೆ. ಆತ ಊರು ಬಿಟ್ಟು ಎಂಟು ವರ್ಷವಾಗಿದ್ದರೆ ಅದರಿಂದ ಏನಾದೀತು? ಅಂಚೆಯಲ್ಲೂ ಒಂದು ಬದಲಾವಣೆಯಾಗಿದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ. ರಸೀದಿ ಒಂದನ್ನೇ ನೆಚ್ಚಿಕೊಳ್ಳದೆ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪ್ರತಿಯನ್ನೂ ಆಗಲೇ ತೆಗೆದು ಕಡತಕ್ಕೆ ಸೇರಿಸಿಬಿಡುವುದು ಒಳ್ಳೆಯದು.

ಸಮನ್ಸ್ ಜಾರಿಯಾಗಿಯೂ ಬಾರದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ಅವರಿಲ್ಲದೆಯೇ ಕೇಸು ಮುಂದುವರಿಯುತ್ತದೆ. ಈ ಪದ ಕೇಳಿದ ಕೂಡಲೇ ಕೇಸು ಸೋತೇ ಹೋಯಿತು ಎಂದು ಕೈಚೆಲ್ಲುವವರು ಬಹಳ. ದಾವೆ ಇನ್ನೂ ನಡೆಯುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 7ರಲ್ಲಿ ಅರ್ಜಿ ಹಾಕಿ ಒಳಗೆ ಬರಬಹುದು. ಡಿಕ್ರಿ (ತೀರ್ಪಿನ ಆದೇಶ) ಆಗಿಹೋಗಿದ್ದರೆ ನಿಯಮ 13, ಅದಕ್ಕೆ 30 ದಿನ. ಈ 30 ದಿನವನ್ನು ತಮಗೆ ಗೊತ್ತಾದ ದಿನದಿಂದ ಎಣಿಸಿಕೊಂಡು ಬರುವವರೇ ಹೆಚ್ಚು. ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ 123ನೇ ವಿಧಿ ಹಾಗೆ ಹೇಳುವುದಿಲ್ಲ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಮಾತ್ರ ಗೊತ್ತಾದ ದಿನದಿಂದ, ಜಾರಿಯಾಗಿದ್ದರೆ ಡಿಕ್ರಿಯ ದಿನದಿಂದಲೇ. ಅಜ್ಜಿಯ ಮಾತಿಗೆ ಬರೆದ ಶರಾ ಇಲ್ಲಿ ಮತ್ತೆ ತಲೆ ಎತ್ತುತ್ತದೆ.

ವಾದಿಯ ಪಾಡೂ ಇಷ್ಟೇ. ಆರ್ಡರ್ ಶೀಟಿನಲ್ಲಿ ‘ವಜಾ’ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಪ್ರೋಸೆಸ್ ಫೀ ಕಟ್ಟದೆ ಸಮನ್ಸ್ ಹೋಗಲಿಲ್ಲವೆಂದೋ, ಎರಡೂ ಕಡೆಯವರು ಬರಲಿಲ್ಲವೆಂದೋ ವಜಾ ಆದರೆ ಕಾಲಮಿತಿ ಉಳಿದಿರುವವರೆಗೆ ಹೊಸ ದಾವೆ ಹಾಕಬಹುದು. ಪ್ರತಿವಾದಿ ಬಂದಿದ್ದು ವಾದಿ ಬಾರದೆ ನಿಯಮ 8ರಲ್ಲಿ ವಜಾ ಆದರೆ ಅದೇ ಕಾರಣಕ್ಕೆ ಹೊಸ ದಾವೆ ಇಲ್ಲ. 30 ದಿನದೊಳಗೆ ಮಿಸ್ (ಮಿಸಲೇನಿಯಸ್) ಅರ್ಜಿ ಹಾಕಿ ಹಳೆಯದನ್ನೇ ಊರ್ಜಿತಗೊಳಿಸಿಕೊಳ್ಳಬೇಕು. ದಿನ ಮೀರಿದರೆ ಜೊತೆಗೆ ವಿಳಂಬ ಮನ್ನಾಗೆ ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 5ರ ಅರ್ಜಿ, ತಡಕ್ಕೆ ಕಾರಣ, ಕಾರಣಕ್ಕೆ ಕಾಗದ. “ಕೂಲಿಗೆ ಹೋಗಿದ್ದೆ” ಎಂಬುದು ನಿಜವೇ ಇರಬಹುದು, ಆದರೆ ಅದಕ್ಕೆ ಯಾವ ಆಸ್ಪತ್ರೆ ಸರ್ಟಿಫಿಕೇಟ್ ಕೊಡುತ್ತದೆ?

ಇಲ್ಲಿ ವಕೀಲರಾದ ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡಬೇಕು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಅದೊಂದಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ವಾಯಿದೆ, ಹಿಂದಿನ ಆದೇಶ ಎಲ್ಲ ಕಾಣುತ್ತದೆ, ಮೊಬೈಲಿಗೆ ಸಂದೇಶವೂ ಬರುತ್ತದೆ. ಆದರೆ ಫೈಲಿಂಗ್ ಮಾಡುವಾಗ ಪಕ್ಷಗಾರರ ಮೊಬೈಲ್ ಕಾಲಂನಲ್ಲೂ ವಕೀಲರ ನಂಬರನ್ನೇ ತುಂಬುವ ರೂಢಿ ಬೆಳೆದಿದೆ. ಕಕ್ಷಿದಾರ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿಯಾನು ಎಂಬ ಅಂಜಿಕೆಯೂ ಅದರಲ್ಲಿದೆ, ಮುಚ್ಚಿಡುವುದೇನು. ಕೋರ್ಟ್ ಕಚೇರಿಯ ಶಿರಸ್ತೇದಾರರು ದಾವಾಪತ್ರ ಪರಿಶೀಲಿಸುವಾಗ ವ್ಯಾಲ್ಯುಯೇಷನ್ ಸ್ಲಿಪ್ಪು, ವೆರಿಫೈಯಿಂಗ್ ಅಫಿಡವಿಟ್ಟು, ದಾಖಲೆ ಪಟ್ಟಿ ಇವೆಯೇ ಎಂದು ನೋಡುತ್ತಾರೆ. ಎರಡೂ ಕಾಲಂನಲ್ಲಿ ಒಂದೇ ನಂಬರಿದ್ದರೆ ಅದಕ್ಕೂ ಆಕ್ಷೇಪಣೆ ಹಾಕಿ ವಾಪಸು ಕೊಡಲಿ. ಆಕ್ಷೇಪಣೆಗಳನ್ನು ಹಾಕುವಾಗಲೂ ಒಂದೇ ಸಲಕ್ಕೆ, ಬರವಣಿಗೆಯಲ್ಲಿ ಹಾಕಲಿ. ಇವತ್ತು ಪುಟಸಂಖ್ಯೆ, ಮುಂದಿನ ವಾರ ಮಸುಕು ಜೆರಾಕ್ಸ್, ಅದರ ಮುಂದಿನ ವಾರ ಚಕ್ಕುಬಂದಿ ಎಂದು ಕಂತಿನಲ್ಲಿ ಬಂದರೆ ಪಾವಗಡದ ರೈತನಿಗೆ ಮೂರು ದಿನದ ಕೂಲಿ ಮೂರು ಸಲದ ಬಸ್ ಚಾರ್ಜಿಗೆ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾವೆಗಳು ಬಿದ್ದುಹೋಗುವ ಹಳ್ಳ ಎಂದರೆ ಸಾವು. ಭಾಗದ (ಆಸ್ತಿ ಪಾಲಿನ) ದಾವೆಯಲ್ಲಿ ಹನ್ನೆರಡು, ಹದಿನೈದು ಪ್ರತಿವಾದಿಗಳು ಇರುವುದು ಮಾಮೂಲು: ದೊಡ್ಡಪ್ಪಂದಿರು, ಅವರ ಮಕ್ಕಳು, ಹಿರಿಯೂರಿಗೆ ಕೊಟ್ಟ ಅತ್ತೆ, ಮಡಕಶಿರಾದಲ್ಲಿರುವ ಇನ್ನೊಬ್ಬ ಅತ್ತೆ. ದಾವೆ ಹತ್ತು ವರ್ಷ ನಡೆದರೆ ಅವರಲ್ಲಿ ಯಾರಾದರೂ ತೀರಿಕೊಳ್ಳುವುದು ಸಹಜ. ಸತ್ತ ದಿನದಿಂದ 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು, ಇಲ್ಲದಿದ್ದರೆ ಅವರ ಮಟ್ಟಿಗೆ ದಾವೆ ತಂತಾನೇ ಅಬೇಟ್ ಆಗುತ್ತದೆ, ಅಂದರೆ ಕೊನೆಗೊಳ್ಳುತ್ತದೆ. ಅದಕ್ಕೆ ನ್ಯಾಯಾಧೀಶರ ಆದೇಶವೂ ಬೇಕಿಲ್ಲ. ಅಬೇಟ್ ಆದ ಮೇಲೆ ಅದನ್ನು ತೆರವು ಮಾಡಿಸಲು ಇನ್ನು 60 ದಿನ. ಅಲ್ಲಿಗೆ 150 ದಿನ ಮುಗಿಯಿತು. ಆಮೇಲೆ ಬಂದವರು ಮೂರು ಅರ್ಜಿಗಳನ್ನು ಒಟ್ಟಿಗೆ ಹಾಕಬೇಕು: ಆದೇಶ 22, ನಿಯಮ 4ರಲ್ಲಿ ವಾರಸುದಾರರನ್ನು ಸೇರಿಸಲು, ನಿಯಮ 9ರಲ್ಲಿ ಅಬೇಟ್‌ಮೆಂಟ್ ತೆರವಿಗೆ, ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 5ರಲ್ಲಿ ವಿಳಂಬ ಮನ್ನಾಗೆ. ಒಂದನ್ನು ಬಿಟ್ಟರೂ ಎದುರಿನ ವಕೀಲರು ಅಲ್ಲೇ ಹಿಡಿಯುತ್ತಾರೆ. ಜೊತೆಗೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಎದುರು ಪಕ್ಷದವರ ವಂಶವೃಕ್ಷವನ್ನು ವಾದಿ ಎಲ್ಲಿಂದ ತರುತ್ತಾನೆ? ನಾಡಕಚೇರಿಯಲ್ಲಿ “ನೀವು ಅವರ ಮನೆಯವರಾ?” ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.

ದಾವೆ ಹಾಕಿದ ಮೇಲೆ ಎರಡು ಮನೆಗಳಿಗೆ ಹೋಗಿಬಂದು ಇರುವುದಿಲ್ಲ. ತಿಥಿ ಊಟಕ್ಕೂ ಕರೆದಿರುವುದಿಲ್ಲ. ಸತ್ತದ್ದು ತಿಳಿಯುವಷ್ಟರಲ್ಲಿ ವರ್ಷವಾಗಿರುತ್ತದೆ. ಕಾನೂನು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ನಿಯಮ 10ಎ ಇದೆ: ತನ್ನ ಪಕ್ಷಗಾರ ಸತ್ತದ್ದು ತಿಳಿದ ವಕೀಲ ಕೋರ್ಟಿಗೆ ತಿಳಿಸಬೇಕು, ಕೋರ್ಟು ಎದುರು ಪಕ್ಷಕ್ಕೆ ನೋಟಿಸು ಕೊಡಬೇಕು. ತಿಳಿಸದಿದ್ದರೆ ಏನು ಎಂಬುದನ್ನು ಮಾತ್ರ ನಿಯಮ ಹೇಳುವುದಿಲ್ಲ. ಹಾಗಾಗಿ 150 ದಿನ ಮುಗಿಯುವವರೆಗೆ ಬಾಯಿ ಬಿಡದಿರುವುದು ಒಂದು ತಂತ್ರವಾಗಿದೆ. ಎಲ್ಲರ ಹಕ್ಕೂ ಹೆಣೆದುಕೊಂಡಿರುವ ಭಾಗದ ದಾವೆಯಲ್ಲಿ ಒಬ್ಬರ ಮೇಲೆ ಅಬೇಟ್ ಆದರೆ ಇಡೀ ದಾವೆಗೇ ಕುತ್ತು ಬರಬಹುದು. ನಿಯಮ 10ಎ ಮೆಮೋ ಕೊಡದೆ ಸುಮ್ಮನಿದ್ದವರು ಆಮೇಲೆ ತಡದ ಬಗ್ಗೆ ತಕರಾರು ತೆಗೆದರೆ, ಆ ತಕರಾರಿಗೆ ಬೆಲೆ ಕೊಡಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬಿಗಿ ಬೇಕಾದದ್ದು ಇಂಥಲ್ಲಿ.

ಹೆಚ್ಚು ಮಂದಿ ಬಳಸದ ಒಂದು ಕಿಟಕಿಯೂ ಇದೆ. ತೀರಿಕೊಂಡ ಪ್ರತಿವಾದಿ ಎಕ್ಸ್‌ಪಾರ್ಟಿ ಆಗಿದ್ದರೆ ಅಥವಾ ದಾವೆಗೆ ಲಿಖಿತ ಉತ್ತರವನ್ನೇ ಸಲ್ಲಿಸಿರದಿದ್ದರೆ, ಅವರ ವಾರಸುದಾರರನ್ನು ತರುವುದರಿಂದ ವಿನಾಯಿತಿ ಕೊಡಿ ಎಂದು ನಿಯಮ 4ರ ಉಪನಿಯಮ 4ರಲ್ಲಿ ಕೇಳಬಹುದು. ತೀರ್ಪು ಹೇಳುವ ಮೊದಲೇ ಆ ವಿನಾಯಿತಿ ಸಿಕ್ಕಿರಬೇಕು.

ಇನ್ನು ಕಾಗದದ ಮಾತು. ನಮ್ಮ ಹಳ್ಳಿಗಳಲ್ಲಿ ಭಾಗ ಆಗುವುದು ಪಂಚಾಯ್ತಿದಾರರ ಮುಂದೆ, ಪಾಲುಪಟ್ಟಿ ಬರೆಯುವುದು ಬಿಳಿ ಹಾಳೆಯ ಮೇಲೋ ಹಳೇ ಛಾಪಾ ಕಾಗದದ ಮೇಲೋ. ಅದರ ಗತಿ ನಿಂತಿರುವುದು ಒಂದು ಕ್ರಿಯಾಪದದ ಮೇಲೆ. ‘ಈ ದಿನ ಈ ಕೆಳಕಂಡಂತೆ ಭಾಗ ಮಾಡಿಕೊಂಡಿರುತ್ತೇವೆ’ ಎಂದು ಬರೆದಿದ್ದರೆ ಆ ಕಾಗದವೇ ಭಾಗಪತ್ರ. ಮುದ್ರಾಂಕ ಬೇಕು, ನೋಂದಣಿಯೂ ಬೇಕು, ಇಲ್ಲದಿದ್ದರೆ ಭಾಗವನ್ನು ರುಜುವಾತು ಮಾಡಲು ಅದನ್ನು ಬಳಸುವಂತಿಲ್ಲ. ‘ಇಂಥ ವರ್ಷ ಬಾಯಿಮಾತಿನಲ್ಲಿ ಭಾಗವಾಗಿ ಅವರವರ ಸ್ವಾಧೀನದಲ್ಲಿ ಇದ್ದು, ಅದರ ನೆನಪಿಗೆ ಬರೆದದ್ದು’ ಎಂದಿದ್ದರೆ ಅದು ಬರೀ ಟಿಪ್ಪಣಿ, ನೋಂದಣಿ ಬೇಕಿಲ್ಲ. ನಿಜವಾಗಿ ನಡೆದದ್ದು ಎರಡನೆಯದೇ ಆಗಿದ್ದರೂ ಬರಹಗಾರ ಅಭ್ಯಾಸಬಲದಿಂದ ಮೊದಲನೆಯದನ್ನು ಬರೆದುಬಿಡುತ್ತಾನೆ. ಮನೆಯ ಹೆಣ್ಣುಮಕ್ಕಳು ಪಾಲು ಕೇಳಿದಾಗಂತೂ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಬಾಯಿಮಾತಿನ ಭಾಗದ ವಾದ ಸುಲಭಕ್ಕೆ ನಿಲ್ಲುವುದಿಲ್ಲ. ಅದಕ್ಕೆ ಸರ್ಕಾರಿ ದಾಖಲೆಗಳ ಬೆಂಬಲ ಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಬಿಗಿ ಸರಿಯಾದದ್ದೇ. ತಂಗಿಯ ಪಾಲು ನುಂಗಲು ಹಳೇ ತಾರೀಕು ಹಾಕಿ ಪಾಲುಪಟ್ಟಿ ಸೃಷ್ಟಿಸುವುದು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ.

ಕ್ರಯದ ಕರಾರಿನ ಪೆಟ್ಟು ಇದಕ್ಕಿಂತ ಜೋರು. ಸ್ವಾಧೀನ ಬಿಟ್ಟುಕೊಟ್ಟಿದ್ದೇವೆ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಪ್ರಕಾರ ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ. ಜನ ಬರೆಸಿರುವುದು ನೂರು ಇನ್ನೂರು ರೂಪಾಯಿಯ ಕಾಗದದ ಮೇಲೆ. ಸಾಕ್ಷಿ ಹೇಳುವಾಗ ಅದನ್ನು ಪಿ-1 (ವಾದಿಯ ಮೊದಲ ದಾಖಲೆ) ಎಂದು ಗುರುತಿಸಲು ಹೊರಟ ಕೂಡಲೇ ಎದುರಿನವರು ಎದ್ದು ನಿಲ್ಲುತ್ತಾರೆ. ಕೋರ್ಟು ಪತ್ರವನ್ನು ವಶಕ್ಕೆ ತೆಗೆದುಕೊಂಡು ಕೊರತೆ ಮುದ್ರಾಂಕ ಮತ್ತು ಅದರ ಹತ್ತರಷ್ಟು ದಂಡ ಕಟ್ಟಲು ಹೇಳುತ್ತದೆ. ಕೊರತೆ 20,000 ರೂಪಾಯಿ ಇದ್ದರೆ ದಂಡ 2 ಲಕ್ಷ, ಒಟ್ಟು 2.20 ಲಕ್ಷ. ಸೆಕ್ಷನ್ 34ರಲ್ಲಿ ಈ ಹತ್ತರಷ್ಟನ್ನು ಕಡಿಮೆ ಮಾಡುವ ವಿವೇಚನೆ ಸಿವಿಲ್ ನ್ಯಾಯಾಧೀಶರಿಗೆ ಇಲ್ಲ. ಕಟ್ಟಲಾಗದವರು ಕರಾರನ್ನೇ ಬಿಟ್ಟುಕೊಡುತ್ತಾರೆ, ಕರಾರಿಲ್ಲದ ಮೇಲೆ ದಾವೆಯಲ್ಲಿ ಉಳಿಯುವುದೇನೂ ಇಲ್ಲ.

ಇಲ್ಲೂ ಒಂದು ಪಕ್ಕದಾರಿ ಇದೆ. ಪತ್ರವನ್ನು ಸಾಕ್ಷ್ಯಕ್ಕೆ ಹಾಜರುಪಡಿಸುವ ಮುನ್ನವೇ ಅದನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಿ ಎಂದು ಅರ್ಜಿ ಕೊಡಬಹುದು. ಸೆಕ್ಷನ್ 39ರಲ್ಲಿ ಅವರಿಗೆ ವಿವೇಚನೆ ಇದೆ, ಹತ್ತರಷ್ಟು ಎಂಬುದು ಅಲ್ಲಿ ಗರಿಷ್ಠ ಮಿತಿ ಮಾತ್ರ. 2024ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಎರಡು ದಾರಿಗಳ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಆದರೆ ಮೊದಲೇ ಕೇಳಬೇಕು. ಸೆಕ್ಷನ್ 34ರ ಲೆಕ್ಕ ಹಾಕಿಸಿಕೊಂಡ ಮೇಲೆ ನೆನಪಾದರೆ ಮತ್ತೆ ಮೇಲಿನ ಕೋರ್ಟು, ಮತ್ತೆ ಖರ್ಚು. ಪತ್ರವನ್ನು ವಶಕ್ಕೆ ಪಡೆಯುವಾಗ ‘ನಿಮಗೆ ಈ ಎರಡು ದಾರಿ ಇವೆ’ ಎಂದು ಆರ್ಡರ್ ಶೀಟಿನಲ್ಲಿ ಒಂದು ಸಾಲು ಬರೆದರೆ ಎಷ್ಟೋ ಸಣ್ಣ ಹಿಡುವಳಿದಾರರು ಉಳಿಯುತ್ತಾರೆ. ಅಂದಹಾಗೆ, ತಕರಾರು ಇಲ್ಲದೆ ಪತ್ರ ಒಮ್ಮೆ ಗುರುತಾಗಿಬಿಟ್ಟರೆ ಮುದ್ರಾಂಕದ ಕೊರತೆಯನ್ನು ಅದೇ ದಾವೆಯಲ್ಲಿ ಆಮೇಲೆ ಎತ್ತುವಂತಿಲ್ಲ. ಎದುರಿನವರ ವಕೀಲರು ಆ ದಿನ ರಜೆಯಲ್ಲಿದ್ದರು ಎಂಬುದರ ಮೇಲೆ ಎರಡು ಲಕ್ಷ ರೂಪಾಯಿ ನಿಲ್ಲುವ ವ್ಯವಸ್ಥೆ ಇದು.

ಕೋರ್ಟ್ ಫೀ ವಿಚಾರ ಚುಟುಕಾಗಿ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಪಾಲು ಕೇಳಿದರೆ ಕರ್ನಾಟಕ ಕೋರ್ಟ್ ಫೀ ಕಾಯ್ದೆಯ ಸೆಕ್ಷನ್ 35(2)ರಲ್ಲಿ ಹೆಚ್ಚೆಂದರೆ 200 ರೂಪಾಯಿ. ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದರೆ 35(1), ಪಾಲಿನ ಮೌಲ್ಯದ ಮೇಲೆ ಫೀ. ಗಂಡನ ಮನೆಯಲ್ಲಿರುವ ಮಗಳು “ನನ್ನನ್ನು ಹತ್ತಿರ ಸೇರಿಸುತ್ತಿಲ್ಲ” ಎಂದು ಬರೆಸಿದ ಒಂದು ವಾಕ್ಯ ಅವಳನ್ನು ಮೊದಲ ಸಾಲಿನಿಂದ ಎರಡನೆಯದಕ್ಕೆ ತಳ್ಳಬಹುದು. ದಾವಾಪತ್ರ ಬರೆಯುವವರು ಎರಡು ಸಲ ಓದಬೇಕಾದ ಜಾಗ ಇದು.

ಸೋತ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗಾದರೆ 90. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಕಳೆಯಲಾಗುತ್ತದೆ, ಆದರೆ ನಕಲಿಗೆ ಅರ್ಜಿ ಹಾಕಿದ ದಿನದಿಂದ ಮಾತ್ರ. ಜೂನ್ 1ರಂದು ತೀರ್ಪು, 20ರಂದು ನಕಲಿಗೆ ಅರ್ಜಿ, ಜುಲೈ 10ಕ್ಕೆ ನಕಲು ಸಿದ್ಧ ಎಂದಿಟ್ಟುಕೊಳ್ಳಿ. ಜೂನ್ 2ರಿಂದ 19ರವರೆಗಿನ 18 ದಿನ ಖರ್ಚಾಗಿಹೋಗಿದೆ, ಉಳಿದದ್ದು 12. ಜುಲೈ 22 ಕೊನೆ ದಿನ. ಮಾರನೆಯ ದಿನವೇ ಅರ್ಜಿ ಕೊಟ್ಟಿದ್ದರೆ ನಕಲು ಕೈಗೆ ಬಂದ ಮೇಲೂ 30 ದಿನ ಪೂರ್ತಿ ಇರುತ್ತಿತ್ತು. ಡಿಕ್ರಿ ಸಿದ್ಧವಾಗಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯುವುದು ದೊಡ್ಡ ತಪ್ಪು. ಆ ಕಾಯುವಿಕೆಯನ್ನು ಕಳೆಯುವುದಿಲ್ಲ ಎಂದು ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 12ರ ವಿವರಣೆಯಲ್ಲೇ ಇದೆ. ನಕಲಿನ ಹಣ ಕಟ್ಟಿ ಎಂದ ಮೇಲೆ ಕಟ್ಟದೆ ಕಳೆದ ದಿನಗಳೂ ಪಕ್ಷಗಾರನ ಲೆಕ್ಕಕ್ಕೇ. ನಕಲಿನ ಮೇಲಿನ ಸೀಲಿನಲ್ಲಿ ಅರ್ಜಿ, ಹಣ, ಸಿದ್ಧ ಎಂಬ ತಾರೀಕುಗಳು ಇರುತ್ತವೆ. ಮಸುಕಾಗಿದ್ದರೆ ಕೌಂಟರ್ ಬಿಡುವ ಮೊದಲೇ ಕೇಳಿ ಸರಿಮಾಡಿಸಿಕೊಳ್ಳಬೇಕು.

ಗೆದ್ದವರಿಗೂ ಬಿಡುಗಡೆ ಇಲ್ಲ. ಭಾಗದ ದಾವೆಯಲ್ಲಿ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ: ಆರರಲ್ಲಿ ಒಂದು ಪಾಲು ಎಂದಷ್ಟೇ, ಯಾವ ತುಂಡು ಎಂದಲ್ಲ. ಆಮೇಲೆ ಎಫ್‌ಡಿಪಿ (ಅಂತಿಮ ಡಿಕ್ರಿ ಪ್ರಕ್ರಿಯೆ) ಎಂಬ ಬೇರೆ ಅರ್ಜಿ, ಅಳತೆ, ಅಂತಿಮ ಡಿಕ್ರಿಗೆ ಛಾಪಾ ಕಾಗದ. ಅಂತಿಮ ಡಿಕ್ರಿಗೆ ಬೇರೆ ಅರ್ಜಿಗಾಗಿ ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶಿಸಿದೆ. ಆದರೂ ಪ್ರಾಥಮಿಕ ಡಿಕ್ರಿಯನ್ನೇ ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಟ್ಟು ಜಮೀನು ಬಂತೆಂದುಕೊಂಡವರು ಈಗಲೂ ಇದ್ದಾರೆ.

ಕಾರ್ಯವಿಧಾನ ನ್ಯಾಯದ ಸೇವಕಿ ಎಂದು ತೀರ್ಪುಗಳಲ್ಲಿ ಓದುತ್ತಲೇ ಇರುತ್ತೇವೆ. ಅವಳಿಗೆ ಕಕ್ಷಿದಾರನ ಭಾಷೆ ಬರಬೇಕಷ್ಟೇ. ಜಿಲ್ಲಾ ಕೋರ್ಟುಗಳ ಭಾಷೆ ಕನ್ನಡವೆಂದಿದ್ದರೂ ‘ಡಿಸ್‌ಮಿಸ್ಡ್ ಫಾರ್ ಡಿಫಾಲ್ಟ್’ (ಗೈರುಹಾಜರಿಗಾಗಿ ವಜಾ) ಎಂಬುದನ್ನು ಗುಬ್ಬಿಯ ರೈತನಿಗೆ ಬಿಡಿಸಿ ಹೇಳುವವರು ಆ ಹೊತ್ತಿಗೆ ಹತ್ತಿರದಲ್ಲಿ ಇರುವುದಿಲ್ಲ. ಇದಕ್ಕೆ ಕಾಯ್ದೆ ತಿದ್ದುಪಡಿ ಬೇಕಿಲ್ಲ, ಒಂದು ಚೀಟಿ ಸಾಕು. ಸಮನ್ಸ್ ಜೊತೆಗೆ, ವಜಾ ಆದೇಶದ ಜೊತೆಗೆ, ತೀರ್ಪಿನ ಜೊತೆಗೆ ನಾಲ್ಕು ಸಾಲು ದಪ್ಪ ಅಕ್ಷರದಲ್ಲಿ ಹೋಗಲಿ: ಏನಾಗಿದೆ, ಯಾವ ತಾರೀಕಿನೊಳಗೆ ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಯಾರನ್ನು ಕೇಳಬೇಕು. ‘30 ದಿನದೊಳಗೆ’ ಎಂದಲ್ಲ, ಎಣಿಸಿ ತಾರೀಕನ್ನೇ ಬರೆಯಬೇಕು. ಕೊನೆಯ ಸಾಲಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೊಠಡಿ ಯಾವುದೆಂದೂ 15100 ಸಹಾಯವಾಣಿಯನ್ನೂ ಹಾಕಲಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಕೋರ್ಟ್ ಫೀ ಮತ್ತು ನಕಲಿನ ಖರ್ಚೂ ಅದರಲ್ಲೇ ಬರುತ್ತದೆ. ಪಾವಗಡದ ಕಡೆ ಹೋಗುವ ಚೀಟಿಯಲ್ಲಿ ಕನ್ನಡದ ಕೆಳಗೆ ಅದೇ ನಾಲ್ಕು ಸಾಲು ತೆಲುಗಿನಲ್ಲೂ ಇರಲಿ.

ಇಂತಿ,
ಕೆಲವು ಸಿವಿಲ್ ವಕೀಲರು ಮತ್ತು ವಕೀಲರ ಗುಮಾಸ್ತರು
ತುಮಕೂರು